ಬಸಿಗಾಲುವೆ ಇದ್ದರೂ ಹೊಲ ಜವಳಾಗುತ್ತಿದೆಯೇ? ಹಳೆಯ ಬಸಿ ವ್ಯವಸ್ಥೆಯ ದೋಷ ಪತ್ತೆ ಮತ್ತು ನವೀಕರಣ

ನಾರಾಯಣಪುರ ಎಡದಂಡೆ ಕಾಲುವೆಯ ನೀರು 1980ರ ದಶಕದಿಂದ ಸುರಪುರ, ಶಹಾಪುರ ಭಾಗದ ಹೊಲಗಳಿಗೆ ಹರಿಯುತ್ತಿದೆ. ನೀರು ತರುವ ಕಾಲುವೆಯ ಮೇಲೆ ಎಲ್ಲರ ಕಣ್ಣಿರುತ್ತದೆ. ಹೆಚ್ಚಾದ ನೀರನ್ನು ಹಳ್ಳಕ್ಕೆ ಮುಟ್ಟಿಸುವ ಬಸಿಗಾಲುವೆಯನ್ನು ಮಾತ್ರ ಬೆಳೆ ಹಳದಿಯಾಗುವವರೆಗೆ ಯಾರೂ ನೆನೆಯುವುದಿಲ್ಲ. ಕಲಬುರಗಿಯ ತೊಗರಿ ಹೊಲಗಳ ಒಡ್ಡು-ಕೋಡಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿಲ್ಲ. ಬೆಳೆ ಕೆಟ್ಟ ಮೇಲೆ "ಪೈಪು ಸತ್ತಿದೆ, ಹೊಸದು ಹಾಕಿಸಬೇಕು" ಎಂಬ ತೀರ್ಮಾನಕ್ಕೆ ಬೇಗ ಬರುತ್ತೇವೆ. ಆದರೆ ನೀರು ನಿಲ್ಲುವುದಕ್ಕೆ ಕಾರಣ ಮೂರು ಬಗೆಯದಾಗಿರಬಹುದು: ಮೇಲಿನ ನೀರು ಹರಿದು ಹೋಗದಿರುವುದು, ಒಳಗಿನ ನೀರು ಬಸಿದು ಹೋಗದಿರುವುದು, ಅಥವಾ ಬೇರೆಡೆಯ ನೀರು ನಮ್ಮ ಹೊಲಕ್ಕೆ ಬರುತ್ತಿರುವುದು. ಇವುಗಳಲ್ಲಿ ಎರಡನೆಯದಕ್ಕೆ ಮಾತ್ರ ಪೈಪು ಪೂರ್ಣ ಪರಿಹಾರ. ಆದ್ದರಿಂದ ತಪಾಸಣೆಯನ್ನು ಹೊಲದ ನಡುವೆ ಅಗೆಯುವುದರಿಂದ ಆರಂಭಿಸದೆ, ನೀರು ಹೊರಬೀಳುವ ಬಾಯಿಯಿಂದ ಆರಂಭಿಸಿ ಮೇಲಕ್ಕೆ ಬರುವುದು ಸರಿಯಾದ ಕ್ರಮ.

ಈ ಬರಹದಲ್ಲಿ ಬಸಿ ವ್ಯವಸ್ಥೆ ಎಂದರೆ ಒಡ್ಡು ಮತ್ತು ಅದರ ಕೋಡಿ, ತೆರೆದ ಬಸಿಗಾಲುವೆ, ಹಾಗೂ ನೆಲದೊಳಗೆ ಸುಮಾರು ಮೂರರಿಂದ ನಾಲ್ಕು ಅಡಿ ಆಳದಲ್ಲಿ ಹೂತಿಟ್ಟ ತೂತುಗಳುಳ್ಳ ಪಿವಿಸಿ ಪೈಪು, ಈ ಮೂರೂ ಸೇರುತ್ತವೆ. ಹೊಲದ ಉದ್ದಕ್ಕೆ ಹಾಕಿದ 80 ಅಥವಾ 100 ಮಿಲಿಮೀಟರ್ ಪೈಪುಗಳನ್ನು ಕವಲು ಪೈಪು ಎಂದೂ, ಅವೆಲ್ಲವುಗಳ ನೀರನ್ನು ಕೂಡಿಸಿ ಹಳ್ಳಕ್ಕೊಯ್ಯುವ ದೊಡ್ಡ ಪೈಪನ್ನು ಮುಖ್ಯ ಪೈಪು ಎಂದೂ ಕರೆಯಲಾಗಿದೆ.

ಲಕ್ಷಣ: ಮಳೆ ನಿಂತು ಮೂರು ದಿನವಾದರೂ ಸಾಲುಗಳಲ್ಲಿ ನೀರು ನಿಂತಿದೆ

ನೀರು ನಿಂತ ಜಾಗದ ಪಕ್ಕದಲ್ಲಿ, ನೀರಿಲ್ಲದ ಬೋದಿನ ಮೇಲೆ ಮೊಣಕಾಲು ಆಳದ ಒಂದು ಗುಂಡಿ ತೋಡಿ. ಇದಕ್ಕೆ ಗುದ್ದಲಿಯ ಹೊರತು ಬೇರೇನೂ ಬೇಡ. ಮೇಲಿನ ಒಂದು ಗೇಣು ಮಣ್ಣು ಕೆಸರಾಗಿದ್ದು ಕೆಳಗಿನ ಮಣ್ಣು ಪುಡಿಯಾಗುವಷ್ಟು ಒಣಗಿದ್ದರೆ, ನೀರು ಇಂಗುತ್ತಿಲ್ಲವೆಂದೂ ದೋಷವೆಲ್ಲ ಮೇಲ್ಮೈಯಲ್ಲಿದೆ ಎಂದೂ ಅರ್ಥ. ಗುಂಡಿಯ ಪಕ್ಕಗಳಿಂದ ನೀರು ಜಿನುಗಿ ತಳದಲ್ಲಿ ಕೂಡಿಕೊಳ್ಳತೊಡಗಿದರೆ ಅಂತರ್ಜಲವೇ ಬೇರಿನ ಮಟ್ಟಕ್ಕೆ ಬಂದಿದೆ. ಆಗ ಮುಂದಿನ ಭಾಗವನ್ನು ನೋಡಬೇಕು.

ಎರೆ ಭೂಮಿಯ ಗುಣವನ್ನು ಇಲ್ಲಿ ನೆನಪಿಡಬೇಕು. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳು ಮೊದಲ ಮಳೆಯನ್ನೆಲ್ಲ ಒಳಗೆಳೆದುಕೊಳ್ಳುತ್ತವೆ. ಮಣ್ಣು ತೇವಗೊಂಡು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಂಗುವ ವೇಗ ಗಂಟೆಗೆ ಕೆಲವೇ ಮಿಲಿಮೀಟರಿಗೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಹೀಗಾಗಿ ಭಾದ್ರಪದದ ಜೋರು ಮಳೆಯ ನೀರು ನೆಲದ ಮೇಲಿನಿಂದಲೇ ಹರಿದು ಹೋಗಬೇಕೇ ಹೊರತು, ನಾಲ್ಕು ಅಡಿ ಆಳದ ಪೈಪು ಅದನ್ನು ಎಳೆದುಕೊಳ್ಳುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಮೇಲ್ಮೈ ನೀರಿಗೆಂದು ಪೈಪು ಹಾಕಿಸುವುದು ಈ ಭಾಗದಲ್ಲಿ ಹಣ ಹಾಳಾಗುವ ಅತಿ ಸಾಮಾನ್ಯ ದಾರಿ.

ಮೇಲ್ಮೈ ದೋಷವೆಂದು ಗೊತ್ತಾದರೆ ಮೊದಲು ಒಡ್ಡಿನ ಕೋಡಿಗೆ ಹೋಗಿ. ಕೋಡಿಯ ಅಂಚು ಒಡ್ಡಿನ ತಲೆಗಿಂತ ಸ್ಪಷ್ಟವಾಗಿ ಕೆಳಗಿರಬೇಕು. ಮಳೆ ಕಡಿಮೆಯಾದ ವರ್ಷ ನೀರು ಹಿಡಿಯಲೆಂದು ಕೋಡಿಗೆ ಕಲ್ಲು ಏರಿಸಿ, ಮರುವರ್ಷ ತೆಗೆಯುವುದನ್ನು ಮರೆಯುವುದು ಎಲ್ಲ ಊರುಗಳಲ್ಲೂ ಇದೆ. ಕೋಡಿ ಸರಿಯಿದ್ದರೆ ಅದರ ಮುಂದಿನ ಬಸಿಗಾಲುವೆಯಲ್ಲಿ ಹೂಳು, ಬಳ್ಳಾರಿ ಜಾಲಿ, ಆಪು ಬೆಳೆದಿದೆಯೇ, ಬಂಡಿ ದಾರಿಯ ಕೆಳಗಿನ ಮೋರಿ ಮುಚ್ಚಿದೆಯೇ ಎಂದು ನೋಡಿ. ಮೋರಿಯ ತಳವು ಬಸಿಗಾಲುವೆಯ ತಳಕ್ಕಿಂತ ಮೇಲಿದ್ದರೆ ಎಷ್ಟು ಹೂಳು ತೆಗೆದರೂ ನೀರು ಹಿಂದೆ ನಿಲ್ಲುತ್ತದೆ. ದಾರಿ ಮಾಡುವವರು ಮೋರಿಯನ್ನು ದಾರಿಯ ಎತ್ತರಕ್ಕೆ ಹೊಂದಿಸಿ ಕೂರಿಸಿರುವುದರಿಂದ ಈ ತೊಂದರೆ ನಾವಂದುಕೊಂಡದ್ದಕ್ಕಿಂತ ಹೆಚ್ಚಾಗಿದೆ.

ಇವೆಲ್ಲ ಸರಿಯಿದ್ದೂ ನೀರು ನಿಂತರೆ ಗಟ್ಟಿ ಪದರವನ್ನು ಶಂಕಿಸಬೇಕು. ನೆಲ ಹದವಾಗಿರುವಾಗ ಬೆರಳು ದಪ್ಪದ ಕಬ್ಬಿಣದ ಸರಳನ್ನು ಕೈಯಿಂದ ಒತ್ತಿದರೆ, ಆರೇಳು ಇಂಚಿನ ಬಳಿ ತಡೆದು, ಬಲವಾಗಿ ಒತ್ತಿದ ಮೇಲೆ ಮತ್ತೆ ಸಲೀಸಾಗಿ ಇಳಿಯುತ್ತದೆ. ಪ್ರತಿವರ್ಷ ಒಂದೇ ಆಳಕ್ಕೆ ರೋಟಾವೇಟರ್ ಹೊಡೆದ ಹೊಲದಲ್ಲಿ ಇದು ಸಾಮಾನ್ಯ. ಬೇಸಿಗೆಯಲ್ಲಿ, ನೆಲ ಪೂರ್ಣ ಒಣಗಿದ್ದಾಗ ಮಾತ್ರ ಆಳದ ಉಳಿ ನೇಗಿಲು ಹೊಡೆಸಬೇಕು. ಹಸಿ ಎರೆ ಮಣ್ಣಿನಲ್ಲಿ ಹೊಡೆಸಿದರೆ ಪದರ ಒಡೆಯುವ ಬದಲು ಮತ್ತಷ್ಟು ಮೆತ್ತಿಕೊಳ್ಳುತ್ತದೆ. ನೆಲದೊಳಗೆ ಪೈಪು ಇರುವ ಹೊಲವಾದರೆ ಉಳಿಯ ಆಳ ಪೈಪಿನ ಸಮೀಪಕ್ಕೆ ಹೋಗದಂತೆ ಮೊದಲೇ ತಿಳಿಸಿ.

ಲಕ್ಷಣ: ಹೊಲ ಹಸಿಯಾಗಿದೆ, ಆದರೆ ಪೈಪಿನ ಹೊರಬಾಯಿಯಿಂದ ನೀರು ಬರುತ್ತಿಲ್ಲ

ಹೊರಬಾಯಿ ಎಲ್ಲಿದೆ ಎಂಬುದೇ ಎಷ್ಟೋ ಹೊಲಗಳಲ್ಲಿ ಮರೆತುಹೋಗಿರುತ್ತದೆ. ಪೈಪು ಹಾಕಿಸಿದ ಕಾಲದ ನಕ್ಷೆ ಇದ್ದರೆ ಹುಡುಕಿ. ಇಲ್ಲವಾದರೆ ಹಳ್ಳದ ದಂಡೆಯಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ಆಪು, ಜೇಕಿನ ಗುಂಪು ಎಲ್ಲಿದೆ ಎಂದು ನೋಡಿ, ಅಲ್ಲಿ ಸಲಿಕೆಯಿಂದ ಮೆಲ್ಲಗೆ ಕೆದಕಿ. ಬಾಯಿ ಹೂಳಿನಲ್ಲಿ ಮುಚ್ಚಿರುವುದು, ಹಳ್ಳದ ನೀರು ಅದಕ್ಕಿಂತ ಮೇಲೇರಿರುವುದು, ಏಡಿ ಅಥವಾ ಹೆಗ್ಗಣ ಒಳಗೆ ಗೂಡು ಮಾಡಿರುವುದು ಇಲ್ಲಿ ಕಾಣುವ ದೋಷಗಳು. ಬಾಯಿ ಬಿಡಿಸಿದ ಮೇಲೆ ಒಂದು ಹಗಲು, ಒಂದು ರಾತ್ರಿ ಕಾಯಿರಿ. ನೀರು ಮೊದಲು ಕಪ್ಪಾಗಿ ಬಂದು ನಂತರ ತಿಳಿಯಾಗಿ ಹರಿಯತೊಡಗಿದರೆ ಕೆಲಸ ಮುಗಿಯಿತು. ಬಾಯಿಗೆ ಕಬ್ಬಿಣದ ಜಾಲರಿ ಕಟ್ಟಿ, ಸುತ್ತ ಕಲ್ಲು ಜೋಡಿಸಿ, ಗುರುತಿಗೆ ಒಂದು ಶಹಾಬಾದ ಫರ್ಶಿ ನೆಡಿ.

ಹಳ್ಳದ ನೀರೇ ಬಾಯಿಯನ್ನು ಮುಳುಗಿಸಿದ್ದರೆ ಅದು ಪೈಪಿನ ದೋಷವಲ್ಲ. ಭೀಮಾ, ಕೃಷ್ಣಾ ತೀರದ ಹೊಲಗಳಲ್ಲಿ ನದಿ ತುಂಬಿದ ದಿನಗಳಲ್ಲಿ ಹೀಗಾಗುವುದು ಸಹಜ, ನದಿ ಇಳಿದ ಮೇಲೆ ಪೈಪು ತಾನಾಗಿ ಹರಿಯುತ್ತದೆ. ನದಿ ಇಳಿದರೂ ಹಳ್ಳದ ಮಟ್ಟ ಇಳಿಯದಿದ್ದರೆ ಕೆಳಗೆ ಎಲ್ಲೋ ಹಳ್ಳಕ್ಕೆ ಅಡ್ಡ ಹಾಕಲಾಗಿದೆ ಅಥವಾ ಹಳ್ಳವೇ ಹೂಳಿನಿಂದ ಏರಿದೆ.

ಬಾಯಿ ಸ್ವಚ್ಛವಿದ್ದೂ ನೀರು ಬಾರದಿದ್ದರೆ ಮುಖ್ಯ ಪೈಪಿನ ಮೇಲಿರುವ ಚೇಂಬರುಗಳನ್ನು (ಪೈಪು ತಪಾಸಣೆಗೆಂದು ಬಿಟ್ಟ, ಮುಚ್ಚಳವಿರುವ ಗುಂಡಿಗಳನ್ನು) ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ತೆರೆಯಿರಿ. ಒಂದು ಕೋಲಿಗೆ ಗುರುತು ಹಾಕಿಕೊಂಡು, ಪ್ರತಿ ಚೇಂಬರಿನಲ್ಲೂ ಪೈಪಿನ ತಳದಿಂದ ನೀರು ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬರೆದುಕೊಳ್ಳಿ. ಈ ಸಣ್ಣ ಲೆಕ್ಕ ಜೆಸಿಬಿಯ ಒಂದು ದಿನದ ಬಾಡಿಗೆಯನ್ನು ಉಳಿಸುತ್ತದೆ. ಮೇಲಿನ ಚೇಂಬರು ತುಂಬಿದ್ದು ಅದರ ಕೆಳಗಿನದು ಖಾಲಿಯಿದ್ದರೆ ಆ ಎರಡರ ನಡುವೆ ಪೈಪು ಕಟ್ಟಿದೆ. ಎಲ್ಲ ಚೇಂಬರುಗಳೂ ತುಂಬಿ ನಿಂತಿದ್ದರೆ ಅಡ್ಡಿ ಇರುವುದು ಕೊನೆಯ ಚೇಂಬರು ಮತ್ತು ಹೊರಬಾಯಿಯ ನಡುವೆ. ಎಲ್ಲವೂ ಖಾಲಿಯಿದ್ದು ಹೊಲ ಮಾತ್ರ ಹಸಿಯಾಗಿದ್ದರೆ ಮುಖ್ಯ ಪೈಪು ಸರಿಯಿದೆ, ಕವಲು ಪೈಪುಗಳೊಳಗೆ ನೀರೇ ಬರುತ್ತಿಲ್ಲ ಎಂದರ್ಥ. ಅವುಗಳ ತೂತು ಅಥವಾ ಸುತ್ತಿದ ಫಿಲ್ಟರ್ ಬಟ್ಟೆ ಮೆತ್ತಿಕೊಂಡಿರಬೇಕು. ಸಂಶಯ ಉಳಿದರೆ ಒಂದು ಚೇಂಬರಿನ ನೀರನ್ನು ಬಕೆಟಿನಿಂದಲೋ ಸಣ್ಣ ಪಂಪಿನಿಂದಲೋ ಖಾಲಿ ಮಾಡಿ, ನೀರು ಯಾವ ಬದಿಯಿಂದ ಮರಳುತ್ತದೆ ಎಂದು ನೋಡಿ. ಮೇಲಿನ ಬದಿಯಿಂದ ಬಂದರೆ ಹರಿವು ಜೀವಂತವಿದೆ. ಕೆಳಗಿನ ಬದಿಯಿಂದ ಹಿಂದಕ್ಕೆ ಬಂದರೆ ಮುಂದೆ ತಡೆಯಿದೆ. ಬಿಸಿಲಿರುವಾಗ ಕನ್ನಡಿಯಿಂದ ಬೆಳಕನ್ನು ಚೇಂಬರಿನೊಳಗೆ ಹಾಯಿಸಿದರೆ ಪೈಪಿನ ಬಾಯಿಯಲ್ಲಿರುವ ಬೇರಿನ ಗಂಟು, ಹೂಳು ಮೇಲಿನಿಂದಲೇ ಕಾಣುತ್ತವೆ.

ಎಚ್ಚರಿಕೆ: ಚೇಂಬರಿನೊಳಗೆ ಯಾರೂ ಇಳಿಯಬಾರದು, ತಲೆ ತೂರಿಸಿ ನೋಡಲೂಬಾರದು. ಕೊಳೆತ ಕಸ, ಬೇರುಗಳಿಂದ ಅಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಕೂಡಿರುತ್ತದೆ. ಅದು ಹೆಚ್ಚಾದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುವುದರಿಂದ "ವಾಸನೆ ಇಲ್ಲ, ಇಳಿಯಬಹುದು" ಎಂಬ ಮಾತು ಪ್ರಾಣಕ್ಕೆ ಎರವಾಗುತ್ತದೆ. ಒಬ್ಬರು ಒಳಗೆ ಕುಸಿದರೆ ಎತ್ತಲು ಇನ್ನೊಬ್ಬರು ಇಳಿಯದೆ 112ಕ್ಕೆ ಕರೆ ಮಾಡಬೇಕು. ಮುಚ್ಚಳ ತೆಗೆದ ಚೇಂಬರನ್ನು ಮಕ್ಕಳು, ದನಕರು ಓಡಾಡುವ ಹೊಲದಲ್ಲಿ ಹಾಗೆಯೇ ಬಿಟ್ಟು ಊಟಕ್ಕೂ ಹೋಗಬಾರದು. ಒಣಗಿದ ಪೈಪು, ಮೋರಿಗಳಲ್ಲಿ ಹಾವು ಇರುವುದರಿಂದ ಕೈ ಹಾಕುವ ಮುನ್ನ ಕೋಲಾಡಿಸಿ, ಗಂಬೂಟು ಧರಿಸಿ.

ಕಟ್ಟಿದ ಜಾಗ ಗೊತ್ತಾದ ಮೇಲೆ ಮೊದಲ ಯತ್ನ ನೀರಿನಿಂದ ತೊಳೆಯುವುದು. ಹೊರಬಾಯಿಯ ಕಡೆಯಿಂದ, ಅಂದರೆ ಕೆಳಗಿನಿಂದ, ಪಂಪಿಗೆ ಜೋಡಿಸಿದ ಹೋಸನ್ನು ಪೈಪಿನೊಳಗೆ ತಳ್ಳುತ್ತ ಹೋದರೆ ಹೂಳು ಹಿಂದಕ್ಕೆ ಹರಿದು ಹೊರಬೀಳುತ್ತದೆ. ಒತ್ತಡ ಮಿತಿಯಲ್ಲಿರಲಿ. ಬೋರವೆಲ್ ತೊಳೆಯುವ ಯಂತ್ರದ ಒತ್ತಡ ಕೊಟ್ಟರೆ ಫಿಲ್ಟರ್ ಬಟ್ಟೆ ಹರಿದು, ಸುತ್ತಲಿನ ಮಣ್ಣೇ ಪೈಪಿನೊಳಗೆ ಇಳಿಯುತ್ತದೆ. ತುದಿ ಚೂಪಾದ ಕಬ್ಬಿಣದ ಸರಳನ್ನಂತೂ ಬಳಸಲೇಬಾರದು. ತೊಳೆಯುವಾಗ ಹೋಸು ಪ್ರತಿ ಬಾರಿಯೂ ಒಂದೇ ದೂರದಲ್ಲಿ ನಿಂತರೆ, ನಿಂತಷ್ಟು ಉದ್ದವನ್ನು ನೆಲದ ಮೇಲೆ ಅಳೆದು ಗೂಟ ನೆಡಿ. ಅಗೆಯಬೇಕಾದ ಜಾಗ ಅದೊಂದೇ.

ಲಕ್ಷಣ: ಹೊರಬಾಯಿಯಿಂದ ಸದಾ ಕೆಸರು ನೀರು, ಅಥವಾ ಹೊಲದಲ್ಲಿ ಏಕಾಏಕಿ ಕುಳಿ

ದೊಡ್ಡ ಮಳೆಯ ನಂತರ ಒಂದೆರಡು ತಾಸು ಕದಡಿದ ನೀರು ಬರುವುದು ದೋಷವಲ್ಲ. ಮಳೆಯಿಲ್ಲದ ದಿನಗಳಲ್ಲೂ ಕೆಸರೇ ಬರುತ್ತಿದ್ದರೆ ಪೈಪು ಒಡೆದಿದೆ ಅಥವಾ ಜೋಡಣೆ ಕಳಚಿದೆ, ಮಣ್ಣು ಒಳಗೆ ಸೇರಿ ಹೋಗುತ್ತಿದೆ. ಇನ್ನು ಕೆಲವೇ ವಾರಗಳಲ್ಲಿ ಅದರ ನೇರಕ್ಕೆ ನೆಲ ಕುಸಿಯುತ್ತದೆ. ಕುಳಿ ಬಿದ್ದ ಕೂಡಲೇ ಅದರ ಮೇಲೆ ಟ್ರ್ಯಾಕ್ಟರ್ ಹಾಯುವುದನ್ನು ನಿಲ್ಲಿಸಿ, ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿ. ಕಣ್ಣಿಗೆ ಕಾಣುವ ಬಾಯಿಗಿಂತ ಒಳಗಿನ ಪೊಳ್ಳು ದೊಡ್ಡದಿರುತ್ತದೆ.

ಇಲ್ಲಿ ಅಗೆಯದೆ ಬೇರೆ ದಾರಿಯಿಲ್ಲ. ಎರೆ ಮಣ್ಣಿನ ಗೋಡೆ ಒಣಗಿದಾಗ ಗಟ್ಟಿಯಾಗಿ ಕಂಡರೂ ಬಿರುಕುಗಳ ಗುಂಟ ಹಲಗೆಯಂತೆ ಕಳಚಿ ಬೀಳುತ್ತದೆ. ಎದೆಮಟ್ಟಕ್ಕಿಂತ ಆಳವಾದ ತಗ್ಗಿಗೆ, ಪಕ್ಕಗಳನ್ನು ಇಳಿಜಾರಾಗಿ ಕಡಿಯದೆ ಅಥವಾ ಹಲಗೆ ಕೊಡದೆ, ಯಾರೂ ಇಳಿಯಬಾರದು. ತೆಗೆದ ಮಣ್ಣಿನ ಗುಡ್ಡೆ ಅಂಚಿನಿಂದ ಕನಿಷ್ಠ ಎರಡು ಅಡಿ ದೂರವಿರಲಿ. ಜೆಸಿಬಿ ಅದಕ್ಕೂ ಹಿಂದೆ ನಿಲ್ಲಲಿ. ಅಗೆಯುವ ಮುನ್ನ ಮೋಟಾರಿನ ಕೇಬಲ್ ಎಲ್ಲಿ ಹೂತಿದೆ ಎಂದು ನೆರೆಯ ರೈತರನ್ನೂ ಕೇಳಿ, ಸ್ಟಾರ್ಟರಿನ ಫ್ಯೂಸು ತೆಗೆದು ಕಿಸೆಯಲ್ಲಿಟ್ಟುಕೊಳ್ಳಿ. ಮೇಲೆ ತಂತಿ ಜೋಲುತ್ತಿದ್ದರೆ ಜೆಸ್ಕಾಂ ಲೈನ್‌ಮನ್ ಬಂದು ನೋಡುವವರೆಗೆ ಜೆಸಿಬಿ ತೋಳು ಏಳಬಾರದು.

ಒಡೆದ ತುಂಡನ್ನು ತೆಗೆದು ಅದೇ ಅಳತೆಯ ಪೈಪನ್ನು ಎರಡೂ ಬದಿಗೆ ಕಪ್ಲಿಂಗ್ ಹಾಕಿ ಕೂರಿಸಬೇಕು. ಟೈರಿನ ಟ್ಯೂಬು ಸುತ್ತಿ ಮುಚ್ಚಿದ ಜೋಡಣೆ ನಿಲ್ಲುವುದಿಲ್ಲ. ಹೊಸ ತುಂಡಿಗೆ ಫಿಲ್ಟರ್ ಬಟ್ಟೆ ಸುತ್ತಿ, ಸುತ್ತಲೂ ತೊಳೆದ ಮರಳು ಅಥವಾ ಸಣ್ಣ ಜಲ್ಲಿ ಕೊಟ್ಟ ನಂತರವೇ ಮಣ್ಣು ಮುಚ್ಚಿ. ಹಸಿ ನೆಲದಲ್ಲಿ ಜೆಸಿಬಿಯ ಬಕೆಟು ಸವರಿದ ತಗ್ಗಿನ ಗೋಡೆ ಗಾರೆ ಮೆತ್ತಿದಂತೆ ನುಣುಪಾಗಿ ನೀರನ್ನು ತಡೆಯುವುದರಿಂದ, ಮುಚ್ಚುವ ಮುನ್ನ ಮೇಲಿನಿಂದಲೇ ಉದ್ದನೆಯ ಹಾರೆಯಲ್ಲಿ ಆ ನುಣುಪನ್ನು ಕೆರೆದು ಒರಟು ಮಾಡಬೇಕು.

ಲಕ್ಷಣ: ಕಾಲುವೆಯ ಬದಿಯ ಒಂದು ಪಟ್ಟಿ ಮಾತ್ರ ವರ್ಷವಿಡೀ ಹಸಿ

ಕಾಲುವೆಗೆ ನೀರು ಬಿಡುವುದು ನಿಂತ ಮೇಲೆ ಕೆಲವು ವಾರಗಳಲ್ಲಿ ಆ ಪಟ್ಟಿ ಒಣಗುತ್ತದೆಯೇ ಎಂದು ಗಮನಿಸಿ. ಒಣಗಿದರೆ ಅದು ಕಾಲುವೆಯ ಸೋರಿಕೆ. ನಿಮ್ಮ ಪೈಪಿನಲ್ಲಿ ದೋಷ ಹುಡುಕುವುದು ವ್ಯರ್ಥ. ಒಣಗದಿದ್ದರೆ ಮೇಲಿನ ಹೊಲದ ಭತ್ತದ ಮಡಿಗಳನ್ನು ನೋಡಿ. ದಿಬ್ಬದ ಮೇಲೆ ಭತ್ತ, ತಗ್ಗಿನಲ್ಲಿ ತೊಗರಿ ಇರುವ ಕಡೆ ಕೆಳಗಿನವರ ಬೇರು ಕೊಳೆಯುವುದು ಖಚಿತ, ಮತ್ತು ಇದನ್ನು ಸಾಲಿನ ರೈತರು ಕೂತು ಮಾತಾಡಿ ನಡುವೆ ಒಂದು ತಡೆ ಬಸಿಗಾಲುವೆ ತೆಗೆದುಕೊಳ್ಳುವುದರಿಂದಲೇ ಬಗೆಹರಿಸಬೇಕಾಗುತ್ತದೆ. ಕಾಲುವೆಯ ಏರಿಯಿಂದ ಕೆಳಗೆ ನೀರು ತಿಳಿಯಾಗಿ ಜಿನುಗುತ್ತಿದ್ದರೆ ಕೃಷ್ಣಾ ಭಾಗ್ಯ ಜಲ ನಿಗಮದ ಸ್ಥಳೀಯ ಉಪವಿಭಾಗಕ್ಕೆ ಬರಹದಲ್ಲಿ ತಿಳಿಸಿ. ಆ ನೀರಿನಲ್ಲಿ ಮಣ್ಣು ಬರತೊಡಗಿದರೆ ಏರಿ ಒಡೆಯುವ ಸೂಚನೆ, ಅದೇ ಗಳಿಗೆಯಲ್ಲಿ ಫೋನ್ ಮಾಡಿ ಹೊಲದಿಂದ ದೂರ ಸರಿಯಿರಿ. ಏರಿಯ ಬುಡವನ್ನು ಸ್ವಂತವಾಗಿ ಅಗೆಯುವುದು ಸರ್ವಥಾ ಕೂಡದು.

ಲಕ್ಷಣ: ನೆಲದ ಮೇಲೆ ಬಿಳಿ ಅಥವಾ ಕಪ್ಪು ಪೊರೆ

ಬಿಳುಪೆಲ್ಲವೂ ಸವಳಲ್ಲ. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಸಹಜವಾಗಿಯೇ ಇರುತ್ತದೆ. ಬಿಳಿ ಪುಡಿಯನ್ನು ಚಿಟಿಕೆಯಷ್ಟು ಕೆರೆದು ಗಾಜಿನ ಲೋಟದ ಮಳೆನೀರಿಗೆ ಹಾಕಿ. ಕರಗಿದರೆ ಉಪ್ಪು; ತಳದಲ್ಲಿ ಉಳಿದು, ಮೇಲೆ ನಿಂಬೆರಸ ಹಿಂಡಿದಾಗ ಗುಳ್ಳೆ ಬಂದರೆ ಸುಣ್ಣ. ಕಪ್ಪಾಗಿ, ಒದ್ದೆಯಾದಾಗ ಎಣ್ಣೆ ಸವರಿದಂತೆ ಹೊಳೆದು, ಒಣಗಿದಾಗ ಕಲ್ಲಿನಂತಾಗುವ ಪೊರೆಯಿದ್ದರೆ ಸೋಡಿಯಂ ಹೆಚ್ಚಾಗಿದೆ ಎಂದು ಶಂಕಿಸಬೇಕು. ಅದಕ್ಕೂ ಒಂದು ಮನೆಪರೀಕ್ಷೆ ಇದೆ: ಒಣಗಿದ ಕಡಲೆ ಗಾತ್ರದ ಹೆಂಟೆಯನ್ನು ಮಳೆನೀರಿನ ಲೋಟದಲ್ಲಿ ಮೆಲ್ಲಗೆ ಇಳಿಸಿ, ಅಲುಗಿಸದೆ ಮರುದಿನದವರೆಗೆ ಬಿಡಿ. ಹೆಂಟೆ ಕುಸಿದು ಪುಡಿಯಾಗಿ, ನೀರು ತಿಳಿಯಾಗಿಯೇ ಉಳಿದರೆ ಚಿಂತೆಯಿಲ್ಲ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿದರೆ ಮಣ್ಣಿನ ಕಣಗಳು ಬಿಡಿಬಿಡಿಯಾಗುತ್ತಿವೆ, ಅಂಥ ಮಣ್ಣು ಫಿಲ್ಟರ್ ಬಟ್ಟೆಯನ್ನೂ ಬೇಗ ಮೆತ್ತಿಸುತ್ತದೆ. ಬೋರವೆಲ್ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ. ಅದರಲ್ಲಿನ ಲವಣ ಮಬ್ಬನ್ನು ತಡೆದು ತಪ್ಪು ಉತ್ತರ ಕೊಡುತ್ತದೆ.

ಮನೆಪರೀಕ್ಷೆ ದಾರಿ ತೋರಿಸುತ್ತದೆಯಷ್ಟೆ, ತೀರ್ಮಾನಕ್ಕೆ ಪ್ರಯೋಗಾಲಯ ಬೇಕು. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದ್ದರೆ ಸವಳು; ರಸಸಾರ (ಪಿಎಚ್) 8.5 ದಾಟಿ, ವಿನಿಮಯ ಸೋಡಿಯಂ ಶೇಕಡಾ 15 ಮೀರಿದ್ದರೆ ಕ್ಷಾರ. ಸವಳಿಗೆ ಮದ್ದು ಹೊಲದಲ್ಲಿ ಒಳ್ಳೆಯ ನೀರು ನಿಲ್ಲುವಂತೆ ಮಾಡಿ ಉಪ್ಪನ್ನು ಕೆಳಗಿಳಿಸುವುದು. ಕ್ಷಾರಕ್ಕೆ ಪರೀಕ್ಷೆಯ ಲೆಕ್ಕದಂತೆ ಜಿಪ್ಸಂ. ಎರಡೂ ಕೆಲಸ ಮಾಡುವುದು ಇಳಿದ ಉಪ್ಪು ಹೊರಹೋಗಲು ಬಸಿ ದಾರಿ ಇದ್ದಾಗ ಮಾತ್ರ. ಹೊರಬಾಯಿ ಮುಚ್ಚಿರುವ ಹೊಲಕ್ಕೆ ಜಿಪ್ಸಂ ಚೀಲ ಸುರಿಯುವುದನ್ನು ನಾನಂತೂ ಒಪ್ಪುವುದಿಲ್ಲ. ಪೈಪು ಚೆನ್ನಾಗಿ ಹರಿಯುತ್ತಿದ್ದೂ ಪೊರೆ ಉಳಿದಿದ್ದರೆ ಹೊರಬಾಯಿಯ ನೀರನ್ನೂ, ನೀರಾವರಿಯ ನೀರನ್ನೂ ಎರಡು ಬಾಟಲಿಗಳಲ್ಲಿ ಕೊಟ್ಟು ಪರೀಕ್ಷಿಸಿ. ಹೊರಬರುವ ನೀರು ಹೆಚ್ಚು ಉಪ್ಪಾಗಿದ್ದರೆ ವ್ಯವಸ್ಥೆ ತನ್ನ ಕೆಲಸ ಮಾಡುತ್ತಿದೆ, ಕಾಲ ಬೇಕು. ಎರಡೂ ಒಂದೇ ಆಗಿದ್ದರೆ ನೀರು ಮಣ್ಣನ್ನು ತೊಳೆಯದೆ ಬಿರುಕುಗಳ ಮೂಲಕ ನೇರ ಪೈಪಿಗೆ ಜಾರುತ್ತಿರಬಹುದು.

ಲಕ್ಷಣ: ತೊಗರಿ ಗುಂಪುಗುಂಪಾಗಿ ಒಣಗುತ್ತಿದೆ

ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಂದು ಅಥವಾ ಕಪ್ಪು ಗೆರೆಗಳಿದ್ದರೆ ಅದು ಫ್ಯುಸೇರಿಯಂ ಸೊರಗು ರೋಗ; ನೀರು ಬಸಿದರೂ ಆ ಗಿಡ ಉಳಿಯುವುದಿಲ್ಲ, ತಳಿ ಮತ್ತು ಬೆಳೆ ಬದಲಾವಣೆಯ ವಿಚಾರ ಮಾಡಬೇಕು. ನೀರು ನಿಂತ ಕೆಲ ದಿನಗಳಲ್ಲೇ ನೆಲದ ಸಮೀಪದ ಕಾಂಡದ ಮೇಲೆ ಕಂದು ಮಚ್ಚೆ ಮೂಡಿ ಗಿಡ ಅಲ್ಲೇ ಮುರಿದರೆ ಫೈಟೊಫ್ತೊರಾ ರೋಗ, ಇದಕ್ಕೆ ಬಸಿ ದೋಷ ನೇರ ಕಾರಣ. ಗೆರೆಯೂ ಮಚ್ಚೆಯೂ ಇಲ್ಲದೆ ಬೇರು ಕಪ್ಪಾಗಿ, ಗಂಟುಗಳು ಕೊಳೆತಿದ್ದರೆ ಬರೀ ನೀರಿನ ಉಸಿರುಗಟ್ಟು. ಗಿಡವನ್ನು ಬೇರು ಸಮೇತ ಕಲಬುರಗಿಯ ಇಲ್ಲವೇ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ಲಕ್ಷಣ: ಬೀದರಿನ ಕೆಂಪು ನೆಲದಲ್ಲಿ ಪೈಪಿನಿಂದ ಕಿತ್ತಳೆ ಬಣ್ಣದ ಲೋಳೆ

ಇದು ಕಬ್ಬಿಣದ ಅಂಶ ಗಾಳಿ ತಾಕಿ ಗಟ್ಟಿಯಾಗುವುದು. ತೊಳೆದರೆ ಹೋಗುತ್ತದೆ, ಆದರೆ ಮರಳಿ ಬರುತ್ತದೆ; ವರ್ಷಕ್ಕೊಮ್ಮೆ ತೊಳೆಯುವುದನ್ನು ರೂಢಿ ಮಾಡಿಕೊಳ್ಳಬೇಕು. ಇಂಥ ನೆಲದಲ್ಲಿ ಗಟ್ಟಿ ಜಂಬಿಟ್ಟಿಗೆ ಕಡಿಮೆ ಆಳದಲ್ಲೇ ಸಿಕ್ಕರೆ ತೆರೆದ ಬಸಿಗಾಲುವೆಯೇ ಲೇಸು.

ದುರಸ್ತಿಯೋ, ಹೊಸದೋ

ತೊಳೆದ ಮೇಲೆ ಹರಿವು ಬಂದರೆ, ಒಡೆದದ್ದು ಒಂದೆರಡು ಕಡೆ ಮಾತ್ರವಾದರೆ ದುರಸ್ತಿ ಸಾಕು. ಪೈಪಿನ ಇಳಿಜಾರೇ ತಪ್ಪಿದ್ದರೆ ಎಷ್ಟು ತೊಳೆದರೂ ಹೂಳು ಅಲ್ಲೇ ಕೂರುತ್ತದೆ. ನೂರು ಮೀಟರಿಗೆ ಕನಿಷ್ಠ ಹತ್ತು ಸೆಂಟಿಮೀಟರ್ ಇಳಿಜಾರು ಬೇಕು. ಗೌಂಡಿಗಳು ಬಳಸುವ ನೀರು ತುಂಬಿದ ಪಾರದರ್ಶಕ ನಳಿಗೆಯಿಂದ ಎರಡು ಚೇಂಬರುಗಳ ಪೈಪಿನ ತಳವನ್ನು ಹೋಲಿಸಿದರೆ ಇದು ತಿಳಿಯುತ್ತದೆ. ಇಳಿಜಾರು ತಿರುಗಿದ್ದರೆ, ಹೆಚ್ಚಿನ ಕವಲು ಪೈಪುಗಳ ಫಿಲ್ಟರ್ ಮೆತ್ತಿದ್ದರೆ, ಅಥವಾ ಹಳ್ಳವೇ ಹೊರಬಾಯಿಗಿಂತ ಎತ್ತರವಾಗಿದ್ದರೆ ಸ್ವಂತ ಪ್ರಯತ್ನ ನಿಲ್ಲಿಸಿ ತಜ್ಞರನ್ನು ಕರೆಯಿರಿ. ಅಚ್ಚುಕಟ್ಟು ಪ್ರದೇಶದವರಿಗೆ ಭೀಮರಾಯನಗುಡಿಯ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿ, ಉಳಿದವರಿಗೆ ರೈತ ಸಂಪರ್ಕ ಕೇಂದ್ರ ಮೊದಲ ಬಾಗಿಲು. ಸವಳು ನೆಲದ ವಿಷಯದಲ್ಲಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ದೀರ್ಘ ಅನುಭವವಿದೆ. ಹೋಗುವಾಗ ಪಹಣಿ, ಗ್ರಾಮ ನಕಾಶೆ, ಮಣ್ಣು ಪರೀಕ್ಷೆಯ ವರದಿ, ಚೇಂಬರುಗಳ ನೀರಿನ ಮಟ್ಟ ಬರೆದ ಹಾಳೆ ಜೊತೆಗಿರಲಿ.

ನಕಾಶೆಯಲ್ಲಿ ಹಳ್ಳವಿದ್ದು ನೆಲದ ಮೇಲೆ ಕಾಣದಿದ್ದರೆ, ಒತ್ತುವರಿಯ ಬಗ್ಗೆ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸುವುದೇ ಮಾರ್ಗ. ರಾತ್ರೋರಾತ್ರಿ ಜೆಸಿಬಿ ತಂದು ಒಡೆಸಿದರೆ ಜಗಳ ಪೊಲೀಸ್ ಠಾಣೆ ಸೇರುತ್ತದೆ. ನಿಮ್ಮ ಉಪ್ಪು ನೀರನ್ನು ಕೆಳಗಿನವರ ಹೊಲಕ್ಕೋ ಕುಡಿಯುವ ನೀರಿನ ಬಾವಿಯ ಕಡೆಗೋ ತಿರುಗಿಸುವುದೂ ಅಷ್ಟೇ ತಪ್ಪು.

ಹೂಳೆತ್ತುವುದು, ಅಗೆಯುವುದು ಏಪ್ರಿಲ್, ಮೇ ತಿಂಗಳಲ್ಲಿ, ಮಿರಗ ಮಳೆಗೆ ಮೊದಲೇ ಮುಗಿಯಲಿ. ನಂತರ ಹೊಲದ ನಡುವೆ ಐದಾರು ಅಡಿ ಆಳದ ತೂತು ತೋಡಿ, ತೂತು ಕೊರೆದ ಪಿವಿಸಿ ಪೈಪನ್ನು ನಿಲ್ಲಿಸಿ ಮುಚ್ಚಳ ಹಾಕಿ. ದೊಡ್ಡ ಮಳೆಯ ಮರುದಿನ ಮತ್ತು ಅದರ ನಾಲ್ಕನೆಯ ದಿನ ಅದರಲ್ಲಿ ಕೋಲು ಇಳಿಸಿ ನೀರಿನ ಮಟ್ಟ ಅಳೆಯಿರಿ. ನಾಲ್ಕನೆಯ ದಿನಕ್ಕೆ ಮಟ್ಟ ನೆಲದಿಂದ ಮೂರು ಅಡಿಗಿಂತ ಕೆಳಗಿಳಿದಿದ್ದರೆ ಹಿಂಗಾರಿ ಜೋಳದ ಬಿತ್ತನೆಗೆ ಹೊಲ ಸಿದ್ಧವಾಗುತ್ತದೆ. ಇಳಿಯದಿದ್ದರೆ ಚೇಂಬರುಗಳ ಮುಚ್ಚಳವನ್ನು ಮತ್ತೆ ಕೆಳಗಿನಿಂದ ಮೇಲಕ್ಕೆ ತೆರೆಯಬೇಕಾಗುತ್ತದೆ.